ಅಜ್ಞಾತ ಕವಿಯ ಕ್ಯಾಸೆಟ್ಟು

೧೯೮೭ನೇ ಇಸವಿ ಮಾರ್ಚ್ ೧೬, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕಲಘಟಗಿ ಠಾಣೆಗೆ ಬಂದ ಫಿರ್ಯಾದಿ, ಕೂಡುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಎರಡು ಸಲ ಒರೆಸಿದ. ಸಬ್ ಇನ್ಸ್‌ಪೆಕ್ಟರ್ ಶಿದ್ಲಿಂಗಪ್ಪನ ಸಿಟ್ಟು ಅಲ್ಲಿಂದಲೇ ಶುರುವಾಯಿತು. ಹಾಗೆ ನೋಡಿದರೆ ಅವನ ಸಿಟ್ಟಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಅದು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ಎರಡು ದಿನ ಅವನು ಉರಿದ ಹಾಗೆ ಇಡೀ ನೌಕರಿಯಲ್ಲಿ ಉರಿದಿರಲಿಲ್ಲ. ಉರಿಯಬೇಕಾದದ್ದೇ ಬಿಡಿ.

"ನಾನು ಡಾಕ್ಟರ್ ಪಾಂಡುರಂಗ. ಬೆಂಗಳೂರಿನ ಸಂಶೋಧನಾ ಸಂಸ್ಥಾದಾಗ ಇರ್ತೀನಿ. ದೇವಿಕೊಪ್ಪದ ಸಾಲಿ ಖೋಲಿಯೊಳಗ ಉಳಕೊಂಡಿದ್ದೆ. ನಿನ್ನೆ ಕಳವು ಆಗೇದ."

"ಏನೇನ ಹೋಗೇತ್ರಿ?"

"ಎರಡು ಕ್ಯಾಸೆಟ್ಟು. ಒಂದು ಹಾಳಿ."

ರೈಟರ್ ಮಂಜಪ್ಪ ಬಾಯಿ ಮುಚ್ಚಿಕೊಂಡು ನಕ್ಕ. ಪಾಂಡುರಂಗನ ಮುಖ ಕೆಂಪಾಯಿತು.

"ನಗಬ್ಯಾಡ್ರಿ. ಅವು ಸಿನಿಮಾ ಹಾಡಿನ ಕ್ಯಾಸೆಟ್ಟಲ್ಲ."

ಆಮೇಲೆ ಆತ ಅರ್ಧ ಗಂಟೆ ಪಾಠ ಮಾಡಿದ. ದೇವಿಕೊಪ್ಪದ ದೊಡ್ಡಾಟದ ಮ್ಯಾಳದಲ್ಲಿ ರತ್ನಶೇಖರನ ಆಟ ಅಂತ ಒಂದಿದೆ. ಅದರ ಪ್ರತಿಯೊಂದು ಮಾತನ್ನೂ ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಹಾಕಿದ್ದಾರೆ. ಯಾವ ಶಬ್ದ ಎಷ್ಟು ಸಲ ಬಂತು, ಯಾವುದರ ಪಕ್ಕ ಯಾವುದು ಬಂತು ಎಂದು ಕಂಪ್ಯೂಟರು ನಿಮಿಷದಲ್ಲಿ ಎಣಿಸಿ ಹೇಳುತ್ತದೆ. ಮ್ಯಾಳದವರ ದನಿಯನ್ನು ಕ್ಯಾಸೆಟ್ಟಿಗೆ ಹಿಡಿದು ಕೊಟ್ಟರೆ ಇನ್ನೊಂದು ಯಂತ್ರ ಆ ದನಿಯ ಏರಿಳಿತವನ್ನು ಕಾಗದದ ಮೇಲೆ ಗೆರೆಗೆರೆಯಾಗಿ ಬರೆಯುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಆಟ ಮುನ್ನೂರು ವರ್ಷ ಹಳೆಯದು ಎಂದು ಸಿದ್ಧವಾಗುತ್ತದೆ. ಬರುವ ವಾರ ದಿಲ್ಲಿಯಲ್ಲಿ ಈ ಕುರಿತು ಪ್ರಬಂಧ ಓದುವುದಿದೆ.

"ಆಟ ಬರದಾವ್ರು ಯಾರ್ರಿ?" ಶಿದ್ಲಿಂಗಪ್ಪ ಕೇಳಿದ.

"ಗೊತ್ತಿಲ್ಲ. ಅಜ್ಞಾತ ಕವಿ."

"ಯಾರ ಮ್ಯಾಲರ ಸಂಶಯ?"

"ತಿರಕಪ್ಪ ಅಂತ, ರಾಜನ ಪಾತ್ರ ಮಾಡಾವ. ತನ್ನ ಮಾತು ರೆಕಾರ್ಡ್ ಮಾಡ್ಲಿಕ್ಕೆ ಕೊಡಲಿಲ್ಲ. ಜಗಳಾ ಮಾಡಿ ಎದ್ದು ಹೋದ."

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ಆಯಿತು. ಗುನ್ಹೆ ನಂಬರ್ ೩೧/೮೭, ಭಾರತ ದಂಡ ಸಂಹಿತೆ ಕಲಂ ೪೫೪ ಮತ್ತು ೩೮೦. ಪಾಂಡುರಂಗ ಪ್ರತಿ ಸಾಲನ್ನೂ ಓದಿ, ಎರಡು ಕಡೆ ಕನ್ನಡ ತಿದ್ದಿಸಿ, ದೊಡ್ಡದಾಗಿ ರುಜು ಹಾಕಿದ.

ಹನ್ನೊಂದೂಕಾಲಿಗೆ ಠಾಣೆಯ ಜೀಪು ದೇವಿಕೊಪ್ಪ ಮುಟ್ಟಿತು. ಶಿದ್ಲಿಂಗಪ್ಪನ ಜೊತೆ ಮಂಜಪ್ಪ ಮತ್ತು ಹೆಡ್ ಕಾನ್‌ಸ್ಟೇಬಲ್ ನಿಜಾಮಸಾಬ. ನಿಜಾಮಸಾಬ ಹತ್ತಿರದ ತಂಬೂರು ಹಳ್ಳಿಯವನು, ನೌಕರಿಗೆ ಸೇರುವ ಮೊದಲು ಇದೇ ಮ್ಯಾಳಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದವನು. ಊರಿನ ಇಬ್ಬರನ್ನು ಪಂಚರೆಂದು ಕರೆದು ಸ್ಥಳ ಪಂಚನಾಮೆಗೆ ಕೂತರು.

ಬೀಗ ಹಾಗೇ ಇತ್ತು. ಚಿಲಕದ ಕೊಂಡಿಯ ಮೊಳೆಗಳನ್ನು ಯಾರೋ ಕುಡಗೋಲಿನ ತುದಿಯಿಂದ ಮೀಟಿ ಕಿತ್ತಿದ್ದರು. ಒಳಗೆ ಜಪಾನಿನ ಟೇಪರೆಕಾರ್ಡರು ಮೇಜಿನ ಮೇಲೇ ಇತ್ತು. ಕ್ಯಾಮೆರಾ ಗೂಟದಲ್ಲಿ ತೂಗುತ್ತಿತ್ತು. ಇವನ್ನೆಲ್ಲ ಬಿಟ್ಟು ಕ್ಯಾಸೆಟ್ಟು ಒಯ್ದ ಕಳ್ಳ ಎಂಥವನಿರಬೇಕು ಎಂದು ಪಂಚರೇ ಆಶ್ಚರ್ಯಪಟ್ಟರು. ತಗಡಿನ ಪೆಟ್ಟಿಗೆಯಲ್ಲಿ ಇಪ್ಪತ್ನಾಲ್ಕು ಕ್ಯಾಸೆಟ್ಟುಗಳ ಪೈಕಿ ಎಂಟು ಮತ್ತು ಒಂಬತ್ತನೇ ನಂಬರಿನವು ಇರಲಿಲ್ಲ. ಪಕ್ಕದಲ್ಲಿ ಕಂಪ್ಯೂಟರಿನ ಕಾಗದ: ಅಂಚಿಗೆಲ್ಲ ತೂತು ತೂತು, ಸೀರೆಯ ಹಾಗೆ ಮಡಿಕೆ ಮಡಿಕೆ. ಅಕ್ಷರ ಇಂಗ್ಲಿಷು, ಮಾತು ಕನ್ನಡ. ಅದರ ಮೊದಲ ಹಾಳೆಯನ್ನಷ್ಟೇ ಹರಿದಿದ್ದರು.

ಶಿದ್ಲಿಂಗಪ್ಪ ಟೇಪರೆಕಾರ್ಡರಿನ ಗುಂಡಿ ಒತ್ತಿದ. ಅದು ಒಂದು ಸಲ ನರಳಿ ಸುಮ್ಮನಾಯಿತು.

"ಶೆಲ್ಲು ಯಾವಾಗ ಹಾಕಿದ್ರಿ?"

"ಶನಿವಾರ. ಹೊಸಾವು." ಪಾಂಡುರಂಗ ಹುಬ್ಬು ಗಂಟಿಕ್ಕಿದ. "ನಾನೂ ನನ್ನ ಸಹಾಯಕಿ ನರ್ಮದಾನೂ ನಿನ್ನೆ ಮುಂಜಾನೆ ಹುಬ್ಬಳ್ಳಿಗೆ ಹೋದ್ವಿ, ಸಂಜಿ ಆರಕ್ಕ ಬಂದ್ವಿ."

ಅಂದರೆ ಕಳ್ಳ ಹಗಲಿನಲ್ಲೇ ಬಂದು, ಇಲ್ಲೇ ಕೂತು, ಶೆಲ್ಲು ತೀರುವ ತನಕ ಒಂದೊಂದೇ ಕ್ಯಾಸೆಟ್ಟು ಹಾಕಿ ಕೇಳಿದ್ದಾನೆ. ಡಬ್ಬಿಯ ಮೇಲಿನ ಇಂಗ್ಲಿಷ್ ಅವನಿಗೆ ಓದಲು ಬಂದಿಲ್ಲ. ಕಿವಿಯಿಂದ ಹುಡುಕಿದ್ದಾನೆ. ಶಿದ್ಲಿಂಗಪ್ಪ ಇದನ್ನು ಬರೆಸುತ್ತಿದ್ದಾಗ ಪಾಂಡುರಂಗ ಪೆಟ್ಟಿಗೆಯ ಮುಂದೆ ನೆಲದಲ್ಲಿ ಬಿದ್ದಿದ್ದುದನ್ನು ಬೂಟಿನಿಂದ ಸರಿಸಲು ಹೋದ. "ಎಲಿ ತಿಂದು ಬ್ಯಾರೆ ಹೊಲಸು ಮಾಡ್ಯಾರ!"

"ಮುಟ್ಟಬ್ಯಾಡ್ರಿ!" ನಿಜಾಮಸಾಬ ಎಷ್ಟು ಜೋರಾಗಿ ಕೂಗಿದನೆಂದರೆ ಪಂಚರು ಬೆಚ್ಚಿದರು. ಅವನು ಕುಕ್ಕರುಗಾಲಲ್ಲಿ ಕೂತು ನೋಡಿದ. ಎರಡು ವೀಳ್ಯದೆಲೆ, ತುದಿ ಪೆಟ್ಟಿಗೆಯ ಕಡೆಗೆ. ಮೇಲೆ ಒಂದು ಇಡೀ ಅಡಿಕೆ. "ಇದು ತಿಂದ ಬಿಟ್ಟಿದ್ದಲ್ರಿ ಸಾಹೇಬ್ರ. ಇಟ್ಟದ್ದು."

ಹೊರಗೆ ಬೇವಿನ ಗಿಡದ ಕೆಳಗೆ ಬಂದು ಅವನು ದನಿ ತಗ್ಗಿಸಿ ಹೇಳಿದ: "ಈ ಮ್ಯಾಳದಾಗ ಒಂದ ರೂಢಿ ಐತ್ರಿ. ಯಾವ ಪಾತ್ರಧಾರಿಗೂ ಇಡೀ ಆಟ ಕೊಡಂಗಿಲ್ಲ. ಅವರವರ ಮಾತ ಅವರವರಿಗೆ ಅಷ್ಟ. ಇಡೀ ಆಟ ಬರದಿಟ್ಟ ಪೋಥಿ ಮಾಸ್ತರ ಕಡೆ. ಪಾತ್ರ ಇಸ್ಕೊಳ್ಳಾವ ಪೋಥಿ ಮುಂದ ಐದ ಎಲಿ ಇಡಬೇಕು. ಆಟ ಮುಗದ ಮ್ಯಾಲ ಪೋಥಿ ಮನಿಗೆ ಒಯ್ಯುವಾಗ ಎರಡ ಎಲಿ, ಒಂದ ಅಡಕಿ."

"ಒಯ್ಯಾವ್ರು ಯಾರು?"

"ಮಾಸ್ತರ ಮನಿಯವ್ರರಿ. ಬ್ಯಾರೇದವ್ರು ಯಾರೂ ಒಯ್ಯಂಗಿಲ್ಲ."

"ಮಾಸ್ತರ ಯಾರು?"

"ಬಸವಣ್ಣೆಪ್ಪ ಮಾಸ್ತರ್ರಿ. ತೀರಿಕೊಂಡ ಆರ ವರ್ಷ ಆತು. ಮಗಳೊಬ್ಬಾಕಿ ಅದಾಳ್ರಿ, ಸಾವಂತ್ರೆವ್ವ." ಹೇಳಿ ನಿಜಾಮಸಾಬ ತುಟಿ ಕಚ್ಚಿಕೊಂಡ. ಹೇಳಬಾರದಿತ್ತು ಅನ್ನಿಸಿತೇನೋ.

ಫಿರ್ಯಾದಿನಲ್ಲಿ ಹೆಸರಿದ್ದವನನ್ನು ಮೊದಲು ನೋಡಬೇಕು, ಕಾಯಿದೆ. ತಿರಕಪ್ಪ ತನ್ನ ಹೊಲದ ಬದುವಿನಲ್ಲಿ ಸಿಕ್ಕ. ಅರವತ್ತು ದಾಟಿದ ಆಳು, ಮೀಸೆ ಇನ್ನೂ ರಾಜನದೇ.

"ನಿನ್ನೆ ಎಲ್ಲಿದ್ದಿ?"

"ತಂಬೂರಾಗ ಲಗ್ನಕ್ಕ ಹೋಗಿದ್ದೆರಿ. ನಾನೂರ ಮಂದಿ ನೋಡ್ಯಾರ. ಬುಂದೆ ಬಡಿಸಿದವ ನಾನ."

"ಪಾಂಡುರಂಗ ಸಾಹೇಬ್ರ ಕೂಡ ಜಗಳಾ ಯಾಕ ಮಾಡಿದಿ?"

"ಮತ್ತೇನ ಆರತಿ ಎತ್ತಲ್ರಿ?" ತಿರಕಪ್ಪ ಹೆಗಲ ಮೇಲಿನ ಟವೆಲು ಕಿತ್ತು ಬದುವಿಗೆ ಬಡಿದ. "ಎಂಟ ವರ್ಷದ ಹಿಂದನೂ ಬಂದಿದ್ದ ಈ ಮನಶ್ಯಾ. ನಮ್ಮ ಮಾಸ್ತರ ಮನ್ಯಾಗ ತಿಂಗಳಾನಗಟ್ಟಲೆ ಉಂಡ. ಅವರ ದನಿ ತುಂಬಿಕೊಂಡ. ಪೋಥಿ ತಿದ್ದಿ ಬರ್ಕೊಂಡ ಕೊಡ್ತೀನಿ ಅಂತ ಒಯ್ದ. ಮಾಸ್ತರು ಸಾಯುತನಕಾ ಪೋಥಿ ಬಂತೇನು ಅಂತ ಕೇಳಿ ಕೇಳಿ ಸತ್ತರು. ಈಗ ಬರೇ ಕೈಲೆ ಬಂದು, ನಿನ್ನ ಮಾತು ಹೇಳೋ ಅಂತಾನ!"

"ಯಾವ ಆಟದ ಪೋಥಿ?"

"ರತ್ನಶೇಖರಂದ್ರಿ. ಮಾಸ್ತರು ತಾವ ಕಟ್ಟಿದ ಆಟ. ನಾ ಮೀಸಿ ಮೂಡೂಕ್ಕಿಂತ ಮೊದಲ ಕಟ್ಟಿದ್ದು."

ಅಜ್ಞಾತ ಕವಿ ಎಂದು ಆ ಮನುಷ್ಯ ಬೆಳಿಗ್ಗೆ ಎಷ್ಟು ಸಲೀಸಾಗಿ ಹೇಳಿದ್ದ! ಉಂಡ ಮನೆಯ ಯಜಮಾನನ ಹೆಸರು ಗೊತ್ತಿಲ್ಲವಂತೆ. ಶಿದ್ಲಿಂಗಪ್ಪನ ಮೈಯೆಲ್ಲ ಉರಿದುಹೋಯಿತು. ಬರುವಾಗ ದಾರಿಯುದ್ದಕ್ಕೂ ಜೀಪಿನ ಡ್ರೈವರನಿಗೆ ಸುಮ್ಮಸುಮ್ಮನೆ ಬೈದ.

ಮಧ್ಯಾಹ್ನ ಎರಡು ನಲವತ್ತಕ್ಕೆ ಶಾಲೆಯ ಪಡಸಾಲೆಯಲ್ಲಿ ನರ್ಮದಾಳ ಹೇಳಿಕೆ. ಧಾರವಾಡದ ಹುಡುಗಿ, ಇಪ್ಪತ್ತಾರರ ವಯಸ್ಸು. ಕಂಪ್ಯೂಟರಿಗೆ ಆಟವನ್ನು ಅಕ್ಷರ ಅಕ್ಷರವಾಗಿ ಹೊಡೆದು ಹಾಕಿದವಳು ಅವಳೇ. ಪಾಂಡುರಂಗನನ್ನು ಖೋಲಿಯಲ್ಲೇ ಕೂಡಿಸಿ ಬಂದಿದ್ದರು.

"ಎಂಟು, ಒಂಬತ್ತರಾಗ ಯಾರ ದನಿ ಐತಿ?"

ಅವಳು ಬಾಗಿಲ ಕಡೆ ನೋಡಿದಳು.

"ಆ ಕಡೆ ನೋಡಬ್ಯಾಡವಾ. ಈ ಕಡೆ ನೋಡಿ ಹೇಳು."

"ಬಸವಣ್ಣೆಪ್ಪ ಮಾಸ್ತರದ್ದು. ಎಪ್ಪತ್ತೊಂಬತ್ತರಾಗ ತುಂಬಿದ್ದು. ಉಳಿದ ಇಪ್ಪತ್ತೆರಡೂ ಈಗಿನವ್ರವು, ಸಾವಂತ್ರೆವ್ವಂದೂ ಅದ." ಅವಳ ಕಣ್ಣು ತುಂಬಿದವು. "ಒಂಬತ್ತನೇದರ ಕಡೀಗೆ ಮಂಗಳದ ಪದ ಅದರೀ. ಅದರಾಗ ಆಟಾ ಕಟ್ಟಿದವ್ರ ಹೆಸರು, ಊರು, ಇಸವಿ ಎಲ್ಲಾ ಬರ್ತದ. ಸಾವಿರದ ಒಂಬೈನೂರಾ ಮೂವತ್ತೆಂಟು. ನಾ ಹೊಡದಿದ್ದೆ. ಸರ್ ತಗಸಿದ್ರು. ಮಾಸ್ತರು ಆಮ್ಯಾಲೆ ತಮ್ಮ ಹೆಸರು ಸೇರಿಸ್ಯಾರ, ಅದು ಮೂಲದ್ದಲ್ಲ ಅಂದ್ರು."

"ಖರೇ ಏನದು?"

"ಪೋಥಿ ನಾ ಕಣ್ಣಾರೆ ನೋಡೀನ್ರಿ. ಗೀಟ ಎಳದು ಕಾಟ ಹಾಕಿದ್ದು, ಮತ್ತ ಬರದಿದ್ದು, ಬಾಜೂಕ ಬ್ಯಾರೆ ಸಾಲು ಹಚ್ಚಿದ್ದು. ನಕಲು ಮಾಡೋವ್ರು ಹಂಗ ಬರಿಯೂದಿಲ್ಲ. ಕಟ್ಟಿದವ್ರೇ ಹಂಗ ಬರೀತಾರ. ಈಗ ಪೋಥಿ ಎಲ್ಲದ ಅಂತ ಕೇಳಿದ್ರ, ಮನಿ ಬದಲಿ ಮಾಡೋವಾಗ ಕಳೀತು ಅಂತಾರ."

"ಇದನ್ನ ಯಾರ ಮುಂದ ಹೇಳಿದಿ?"

ನರ್ಮದಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಶನಿವಾರ ಸಾವಂತ್ರೆವ್ವ ಮಜ್ಜಿಗೆ ತಂದಿದ್ದಳು. ಮೊದಲ ಹಾಳೆಯ ಮೇಲೆ ಅಪ್ಪನ ಹೆಸರು ಎಲ್ಲಿದೆ, ಬೆರಳಿಟ್ಟು ತೋರಿಸು ಎಂದಳು. ತೋರಿಸಲು ಹೆಸರೇ ಇರಲಿಲ್ಲ. ಕರ್ತೃ ಅಜ್ಞಾತ ಎಂದು ಓದಿ ಹೇಳಬೇಕಾಯಿತು. ಕ್ಯಾಸೆಟ್ಟಿನಲ್ಲಾದರೂ ಇದೆಯಲ್ಲ ಎಂದಳು ಸಾವಂತ್ರೆವ್ವ. ನರ್ಮದಾ ಅದಕ್ಕೂ ಸುಳ್ಳು ಹೇಳಲಾರದೆ ಹೋದಳು. ಖಾಲಿ ಕ್ಯಾಸೆಟ್ಟು ತೀರಿವೆ, ಸೋಮವಾರ ಎಂಟು ಮತ್ತು ಒಂಬತ್ತನ್ನು ಅಳಿಸಿ ಅವುಗಳ ಮೇಲೆ ತಾಳದವರದ್ದು ತುಂಬು ಎಂದು ಸರ್ ಹೇಳಿದ್ದರು.

"ಕೇಳಿ ಏನಂದಳು ಆಕಿ?"

"ತಂಬಿಗಿ ತಗೊಂಡು ಸೀದಾ ಹೋದ್ರು."

ಶಿದ್ಲಿಂಗಪ್ಪ ಖೋಲಿಗೆ ಹೋಗಿ ಪಾಂಡುರಂಗನ ಎದುರು ನಿಂತ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಕಟ್ಟಿಕೊಳ್ಳದಿದ್ದರೆ ಎತ್ತಿಬಿಡುತ್ತಿದ್ದ.

"ಕವಿ ಯಾರಂತ ನಿಮಗ ಗೊತ್ತಿತ್ತು. ಹೌದಿಲ್ರಿ?"

ಪಾಂಡುರಂಗ ಕನ್ನಡಕ ತೆಗೆದು ಒರೆಸಿದ. "ನೋಡ್ರಿ, ಕವಿ ಇದ್ದಾನ ಅಂದ್ರ ಅದು ಐವತ್ತು ವರ್ಷದ ಒಂದು ಹಳ್ಳಿ ಆಟ. ಕವಿ ಇಲ್ಲ ಅಂದ್ರ ಅದು ಪರಂಪರಾ. ಊರಿಗೂ ಅದರಾಗೇ ಹೆಚ್ಚಿನ ಕೀರ್ತಿ ಅದ. ಇದು ವಿದ್ವತ್ತಿನ ವಿಷಯ, ಠಾಣೇದಲ್ಲ. ನೀವು ಕಳ್ಳರನ್ನ ಹಿಡೀರಿ."

ಎಲಾ ಇವನ! ಸತ್ತವನ ದನಿಯನ್ನು ಒರೆಸಿ ಹಾಕುವುದಕ್ಕೆ ವಿದ್ವತ್ತು ಎಂಬ ಹೆಸರು. ಕೊಂಡಿ ಕಿತ್ತಿದ್ದಕ್ಕೆ ಕಲಂ ಇದೆ, ಕ್ಯಾಸೆಟ್ಟು ಒಯ್ದಿದ್ದಕ್ಕೆ ಕಲಂ ಇದೆ, ಒಬ್ಬ ಮನುಷ್ಯನ ಹೆಸರನ್ನೇ ಅಳಿಸಿದ್ದಕ್ಕೆ ಯಾವ ಕಲಮೂ ಇಲ್ಲ. ಸಂಜೆ ಸರ್ಕಲ್ ಸಾಹೇಬರ ಫೋನೂ ಬಂತು: ಫಿರ್ಯಾದಿ ದೊಡ್ಡವರ ಪೈಕಿ, ನಾಳೆಯೊಳಗೆ ಆರೋಪಿ ಬೇಕು. ಶಿದ್ಲಿಂಗಪ್ಪ "ಎಸ್ ಸರ್" ಎಂದು ಫೋನು ಇಟ್ಟವನು, ಮೇಜಿನ ಮೇಲಿದ್ದ ಚಹಾದ ಕಪ್ಪನ್ನು ಗೋಡೆಗೆ ಒಗೆದ.

ಮರುದಿನ, ಮಾರ್ಚ್ ೧೭, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ ಸಾವಂತ್ರೆವ್ವನ ಮನೆ. ಐವತ್ತೆಂಟರ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ. ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಕಂಬಳಿ ಹಾಸಿ ಕೂಡಿರಿ ಎಂದಳು. ಯಾರೂ ಕೂಡಲಿಲ್ಲ.

"ಸಾವಂತ್ರೆವ್ವಾ, ಸಾಲಿ ಖೋಲ್ಯಾಗಿನ ಕ್ಯಾಸೆಟ್ಟ ನೀ ಕದ್ದೀಯೇನು?"

"ಕದ್ದಿಲ್ರಿ. ಮನಿಗೆ ತಂದೀನಿ."

"ಯಾವು ಅಂತ ಹೆಂಗ ಗೊತ್ತಾತು?"

"ನಾಕ ದಿನಾ ಆ ಮಿಸನ್ನಿನ ಮುಂದ ಕುಂತು ಹಾಡೀನ್ರಿ. ಯಾವ ಗುಂಡಿ ಒತ್ತತಾರ ನೋಡಿದ್ದೆ. ಒಂದೊಂದ ಹಾಕಿ ಕೇಳಕೋತ ಹೋದೆ." ಅವಳು ಸೊಪ್ಪು ಕೆಳಗಿಟ್ಟಳು. "ಒಂದ ಹಾಕಿದೆ ನೋಡ್ರಿ, ಅಪ್ಪ ಕೆಮ್ಮಿದ. ಹಾಡೂ ಮುಂಚೆ ಅಂವ ಯಾವಾಗ್ಲೂ ಹಂಗ ಕೆಮ್ಮತಿದ್ದ. ಆರ ವರ್ಷದ ಮ್ಯಾಲ ನನ್ನಪ್ಪನ ಉಸರಾ ಕೇಳಿದೆನ್ರಿ, ಅಲ್ಲೇ ನೆಲದಾಗ ಕುಂತು ಅತ್ತೆ. ಶೆಲ್ ತೀರೂತನಕಾ ಕೇಳಿದೆ."

"ಹಾಳಿ?"

"ಅದನ್ನ ಒಲಿಗೆ ಹಾಕೀನಿ." ಸಾವಂತ್ರೆವ್ವನ ದನಿ ಒಮ್ಮೆಲೇ ಏರಿತು. "ಯಾರೂ ಕಟ್ಟಿಲ್ಲಂತ! ಯಾರೂ ಕಟ್ಟದ ಆಟ ಮಣ್ಣಾಗಿಂದ ಹುಟ್ಟೇತೇನ್ರಿ? ಅಂವ ಎತ್ತಿನ ಕಾಲಾಗ, ಹರಗೂ ಹೊಲದಾಗ, ಉಣ್ಣೂ ಗಂಗಾಳದ ಮುಂದ ಸಾಲ ಕಟ್ಟತಿದ್ದ. ಅವ್ವ ಬೈತಿದ್ದಳು. ಅದ ಗಂಗಾಳದಾಗ ಉಂಡ ಹ್ವಾದಾವ ಇಂವ! ನಮ್ಮಪ್ಪಗ ಹೆಸರ ಇಲ್ಲಂತ ಬರದ ಅವನ ಕೈಗೆ ಬರಬಾರದ ರೋಗ ಬರಲಿ!"

ನಿಜಾಮಸಾಬ ಮುಖ ತಿರುಗಿಸಿ ನಿಂತಿದ್ದ.

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಆರೋಪಿ ತಾನೇ ತೋರಿಸಿದ ಜಾಗದಲ್ಲಿ ಮಾಲು ಸಿಕ್ಕರೆ ಅದು ನಿಲ್ಲುತ್ತದೆ. ಒಂಬತ್ತೂಕಾಲಿಗೆ, ಪಂಚರ ಸಮಕ್ಷಮ, ಅವಳು ಅಡುಗೆಮನೆಯ ಜೋಳದ ಗುಡಾಣದಲ್ಲಿ ಮೊಳಕೈವರೆಗೆ ಕೈ ಹಾಕಿ ಗಂಟು ತೆಗೆದುಕೊಟ್ಟಳು. ಹಳೆಯ ರುಮಾಲಿನಲ್ಲಿ ಎರಡು ಕ್ಯಾಸೆಟ್ಟು.

ಸುದ್ದಿ ಕೇಳಿ ಪಾಂಡುರಂಗ ಓಡಿ ಬಂದ. ಹಿಂದೆ ಅರ್ಧ ಊರೇ ಬಂತು, ತಿರಕಪ್ಪನೂ ಬಂದ. ಕ್ಯಾಸೆಟ್ಟು ನೋಡಿದ್ದೇ ಪಾಂಡುರಂಗನ ಮುಖ ಅರಳಿತು. "ಸಿಕ್ಕವಲ್ಲ, ಸಾಕು. ಪಾಪ, ಅನಕ್ಷರಸ್ಥ ಹೆಂಗಸು. ಕೇಸ್ ಬ್ಯಾಡ್ರಿ. ನಾ ಫಿರ್ಯಾದು ವಾಪಸ್ ತಗೋತೀನಿ. ಕ್ಯಾಸೆಟ್ಟು ಕೊಡ್ರಿ, ಮಧ್ಯಾಹ್ನದ ಬಸ್ಸಿಗೆ ಹೊಂಡತೀನಿ."

ಹಿಂದಿನ ದಿನವಾಗಿದ್ದರೆ ಶಿದ್ಲಿಂಗಪ್ಪ ಇದಕ್ಕೆ ಕೈ ಮುಗಿಯುತ್ತಿದ್ದ. ಸಾವಂತ್ರೆವ್ವನ ಕೈಗೆ ಬೇಡಿ ಹಾಕುವ ಮನಸ್ಸು ಅವನಿಗೆ ಎಳ್ಳಷ್ಟೂ ಇರಲಿಲ್ಲ. ಅವನು ಅವಳನ್ನು ಬದಿಗೆ ಕರೆದ. "ಸಾವಂತ್ರೆವ್ವಾ, ಅವರ ಬಿಡ್ತೀನಿ ಅಂತಾರ. ನಾ ಮ್ಯಾಲಿನವರಿಗೆ ಏನರ ಹೇಳಿ ಹೊಂದಸ್ತೀನಿ. ಕ್ಯಾಸೆಟ್ಟ ಕೊಟ್ಟ ಬಿಡೂಣೇನು?"

"ಕೊಟ್ರ ಅಂವ ಅಳಸ್ತಾನ್ರಿ."

"ಕ್ಯಾಸೆಟ್ಟ ಅವರದ ಅಲ್ಲೇನವಾ? ಅವರ ರೊಕ್ಕದ್ದು."

"ಕೇಸ್ ಮಾಡಿದ್ರ ಅವು ಎಲ್ಲಿ ಇರ್ತಾವ್ರಿ?"

"ಕೋರ್ಟಿನ್ಯಾಗ. ಅರಗ ಹಾಕಿ ಮೊಹರ ಹೊಡದು ಇಡ್ತಾರ."

"ಅಂವಗ ಕೊಡಂಗಿಲ್ಲ?"

"ವಾಪಸ್ ಬೇಡಿ ಅರ್ಜಿ ಹಾಕಬಹುದು. ನಾ ತಕರಾರ ಹಾಕತೀನಿ. ಜಡ್ಜ್ ಸಾಹೇಬ್ರ ಹೇಳೂತನಕಾ ಯಾರೂ ಮುಟ್ಟಾಕ ಬರಂಗಿಲ್ಲ."

ಸಾವಂತ್ರೆವ್ವ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾರ ಕೇಸ್ ಮಾಡ್ರಿ ಸಾಹೇಬ್ರ. ಬರಕೊಳ್ರಿ. ನಾನ ಕದ್ದೀನಿ."

ಶಿದ್ಲಿಂಗಪ್ಪನಿಗೆ ಎಲ್ಲಿತ್ತೋ ಹುರುಪು. ಅಂಗಳದ ಮಧ್ಯೆ ಬಂದು ನಿಂತು ದೊಡ್ಡ ದನಿಯಲ್ಲಿ ಹೇಳಿದ: "ಎಫ್‌ಐಆರ್ ಆಗೇತ್ರಿ ಡಾಕ್ಟರ್ ಸಾಹೇಬ್ರ. ನಿಮ್ಮ ರುಜು ಐತಿ. ಮನಸಿಗೆ ಬಂದಂಗ ಹರದ ಒಗ್ಯಾಕ ಅದೇನ ಕಂಪ್ಯೂಟರ್ ಹಾಳಿ ಅಲ್ಲ. ಮಂಜಪ್ಪಾ, ಜಪ್ತಿ ಪಂಚನಾಮಿ ಬರಿ. ಫಿರ್ಯಾದಿಯವ್ರು ಮಾಲು ಗುರ್ತ ಹಿಡೀಬೇಕು. ಟೇಪರೆಕಾರ್ಡರ್ ತರ್ರಿ."

ಹೊಸ ಶೆಲ್ಲು ಅಂಗಡಿಯಿಂದ ಬಂತು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಒಂಬತ್ತನೇ ಕ್ಯಾಸೆಟ್ಟು ತಿರುಗತೊಡಗಿತು. ಒಂದು ಕೆಮ್ಮು. ಆಮೇಲೆ ಮುದಿ ದನಿ, ಒಡೆದ ದನಿ, ಆದರೂ ಅಂಗಳ ತುಂಬುವ ದನಿ. ಪಂಚರಲ್ಲೊಬ್ಬ ತನಗರಿಯದೆ ಎದ್ದು ನಿಂತು ಪಟಗ ತೆಗೆದ. ಕಡೆಗೆ ಮಂಗಳದ ಪದ ಬಂತು. ದೇವಿಕೊಪ್ಪದ ಹೆಸರು, ಇಸವಿ, ಬಸವಣ್ಣೆಪ್ಪನೆಂಬ ಬಡವ ಕಟ್ಟಿದ ಆಟವಿದು ಎಂಬ ಸಾಲು. ತಿರಕಪ್ಪ ಹಣೆ ಚಚ್ಚಿಕೊಂಡು ಅತ್ತ. ಶಿದ್ಲಿಂಗಪ್ಪ ಗುಂಡಿ ಒತ್ತಿ ನಿಲ್ಲಿಸಿದ.

"ಇದು ನಿಮ್ಮ ಕ್ಯಾಸೆಟ್ಟ ಹೌದೋ ಅಲ್ಲೋ?"

"ಹೌದು."

"ದನಿ ಯಾರದು?"

ಪಾಂಡುರಂಗ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ಯಾರ ದನಿ ಅಂತ ಗೊತ್ತಿಲ್ಲದಿದ್ರ ಮಾಲು ನಿಮ್ಮದು ಅಂತ ಹೆಂಗ ಬರಿಯೂದು? ಗೊತ್ತಿಲ್ಲ ಅನ್ರಿ, ಈ ಕ್ಷಣ ಆಕಿ ಕೈಯಾಗ ಕೊಟ್ಟ ಬಿಡ್ತೀನಿ. ಗೊತ್ತಂದ್ರ ಹೆಸರ ಹೇಳ್ರಿ."

"ಇದು... ಇದು ಕೋರ್ಟಿನ ಕಾಗದ ಅಷ್ಟ ಅಲ್ಲೇನು? ಛಾಪಾ ಆಗೂದಿಲ್ಲಲ್ಲ?"

"ಹೆಸರ ಹೇಳ್ರಿ!"

"ಬಸವಣ್ಣೆಪ್ಪ."

"ಜೋರ ಹೇಳ್ರಿ. ಮಂಜಪ್ಪಗ ಕಿವಿ ಮಂದ. ಏನ ಮಾಡತಿದ್ರು ಅವರು?"

"ಬಸವಣ್ಣೆಪ್ಪ ಮಾಸ್ತರು. ಆಟಾ... ಅವರು ಕಟ್ಟಿದ್ದು."

ಕಿವಿ ನೆಟ್ಟಗಿದ್ದ ಮಂಜಪ್ಪ ಅದನ್ನು ಗುಂಡಗೆ ಬರೆದುಕೊಂಡ. ಪಾಂಡುರಂಗ ರುಜು ಹಾಕಿದ. ಈ ಸಲ ರುಜು ಸಣ್ಣದಾಗಿತ್ತು. ನರ್ಮದಾ ಕರೆಯದಿದ್ದರೂ ಮುಂದೆ ಬಂದು, ಪೋಥಿಯನ್ನು ತಾನು ಕಂಡದ್ದರ ಹೇಳಿಕೆಗೂ ರುಜು ಮಾಡುತ್ತೇನೆಂದಳು. ಪೋಥಿ ಒಯ್ದು ಕೊಡದಿದ್ದುದಕ್ಕೆ ಸಾವಂತ್ರೆವ್ವನ ಬೇರೆ ಫಿರ್ಯಾದನ್ನೂ ಶಿದ್ಲಿಂಗಪ್ಪ ಅಲ್ಲೇ ಬರೆಸಿಕೊಂಡ. ಅದು ಎಲ್ಲಿ ಮುಟ್ಟುತ್ತದೋ ಅವನಿಗೇ ಗೊತ್ತಿರಲಿಲ್ಲ.

ಹನ್ನೊಂದು ಐವತ್ತಕ್ಕೆ ದಸ್ತಗಿರಿ. ಆಡುಗಳನ್ನು ತಿರಕಪ್ಪನಿಗೆ ಒಪ್ಪಿಸಿ ಸಾವಂತ್ರೆವ್ವ ಜೀಪು ಹತ್ತಿದಳು. ಬೇಡಿ ಹಾಕಲಿಲ್ಲ. ನಿಜಾಮಸಾಬನ ಹೆಂಡತಿಯನ್ನು ಠಾಣೆಗೆ ಕರೆಸಿ ಜೊತೆಗೆ ಕೂಡಿಸುವುದು, ಮಧ್ಯಾಹ್ನವೇ ಕೋರ್ಟಿಗೆ ಹಾಜರುಪಡಿಸುವುದು, ಜಾಮೀನಿಗೆ ತಿರಕಪ್ಪ ನಿಲ್ಲುವುದು ಎಂದು ಮೊದಲೇ ಮಾತಾಗಿತ್ತು. ಆದರೂ ಕಳ್ಳಿ ಎಂಬ ಹೆಸರು ಅವಳಿಗೆ ಬಂದೇ ಬಂತು. ಅದನ್ನು ನೆನೆದು ಶಿದ್ಲಿಂಗಪ್ಪ ಹಲ್ಲು ಕಡಿದ.

ಮಂಜಪ್ಪ ಕೇಸ್ ಡೈರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ: "ಗುನ್ಹೆ ಮಾಡಾಕ ಕಾರಣ ಏನಂತ ಬರೀಲ್ರಿ?"

"ತನ್ನ ತಂದೆಯ ದನಿಯನ್ನು ಅಳಿಸದಂತೆ ತಡೆಯುವ ಸಲುವಾಗಿ. ಅಷ್ಟ ಬರಿ."

ಹಿಂದಿನ ಸೀಟಿನಿಂದ ಸಾವಂತ್ರೆವ್ವ ಮುಂದಕ್ಕೆ ಬಾಗಿದಳು.

"ಸಾಹೇಬ್ರ, ಈ ಕೇಸ್ ಎಷ್ಟ ದಿನಾ ನಡೀತೈತ್ರಿ?"

"ಏನ ಹೇಳೂದವಾ. ಐದಾರ ವರ್ಷ ಹಿಡದ್ರೂ ಹಿಡೀತು."

"ಅಲ್ಲೀತನಕಾ ಅಪ್ಪನ್ನ ಯಾರೂ ಅಳಸಂಗಿಲ್ಲ?"

"ಅಳಸಂಗಿಲ್ಲ."

"ಹಂಗಾರ ಹೋಗೂಣು ನಡೀರಿ," ಎಂದು ಅವಳು ಹಿಂದಕ್ಕೆ ಒರಗಿ ಕೂತಳು.